ಒಂದು ಬಸ್ಸಿಗೆ ಊರೆಲ್ಲಾ ಮೇಸ್ತ್ರಿ

(ಜಕ್ಕಲಿ ಬಸ್‌ಸ್ಟ್ಯಾಂಡು. ಕಾಕಾ, ಅಣ್ಣನ ಮಗ.)

‘ಏನಲೇ, ಮೊಬೈಲಿನಾಗ ಬಸ್ ಕಟ್ಟಾಕತ್ತೀಯಂತ?’

‘ಹೂಂ ಕಾಕಾ, “ಬಸ್ ಸಿಮ್ಯುಲೇಟರ್ ಇಂಡೋನೇಷಿಯಾ” ಆಟ. 2017ರಾಗ ಬಂದದ್ದು. ಅದರಾಗ ನಮ್ಮ ಬಸ್ ನಾವ ಮಾಡಿ ಹಾಕ್ಕೋಬಹುದು, ಅದಕ್ಕ “ಮಾಡ್” ಅಂತಾರ. ನಾವೊಂದು ಗುಂಪು ಕೂಡಿ ಮಾಡಾಕತ್ತೇವಿ: ಬಣ್ಣ ನಂದು, ಹಾರ್ನ್ ಹುಬ್ಬಳ್ಳಿಯವಂದು.’

‘ಗುಂಪಿನ ಉಳಿದ ಮಂದಿ?’

‘ಸಲಹಾ ಕೊಡ್ತಾರ. ರೋಣದವಂಗ ಬೋರ್ಡಿನಾಗ ರೋಣ ದೊಡ್ಡದಿರಬೇಕಂತ, ಗಜೇಂದ್ರಗಡದವಂಗ ಗಜೇಂದ್ರಗಡ.’

‘ಕರ್ನಾಟಕದ ಏಕೀಕರಣಕ್ಕ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರಾಗ ಕುಂತು, ಒಂದ್ ಬೋರ್ಡ್ ಏಕೀಕರಣ ಮಾಡಾಕ ಆಗವಲ್ದನ?’

‘ಓಟ್ ಹಾಕಿಸಿದೆ. ಎಲ್ಲಾರೂ ಒಪ್ಪಿದ್ದು ಒಂದ: ಕಿಡಕಿ ಸೀಟಿನ ಮ್ಯಾಲೆ ಟಾವೆಲ್ ಇರಬೇಕಂತ.’

‘ಬಸ್ ಬಿಡೂದು ಯಾವಾಗ?’

‘ಇವತ್ತ ನಾಳೆ ಬರ್ತೈತಿ ಕಾಕಾ.’

‘ಹಂಗಾರ ಥೇಟ್ ಖರೇ ಬಸ್ಸ ಮಾಡೀರಿ ಬಿಡು!’