ಬರೀ ಬಂಗಾರ ಕಣಪ್ಪಾ

ಡಾಕ್ಟರು ಚೀಟಿಯಲ್ಲಿ ‘ಎಂಆರ್‌ಐ’ ಎಂದು ಗೀಚಿದ ಗಳಿಗೆಯಿಂದ ಬಂಧುಬಳಗದಲ್ಲಿ ತಜ್ಞರು ಹುಟ್ಟಿಕೊಳ್ಳುತ್ತಾರೆ. “ರೇಡಿಯೇಷನ್ ಕಣ್ರೀ, ಎಳನೀರು ಕುಡಿದು ಹೋಗಿ” ಎಂದರೊಬ್ಬರು. ಎಳನೀರಿಗೆ ನನ್ನ ಅಡ್ಡಿಯಿಲ್ಲ. ಆದರೆ ಆ ಯಂತ್ರದಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ. ಇರುವುದು ಅಯಸ್ಕಾಂತ ಮತ್ತು ರೇಡಿಯೊ ತರಂಗ.

ಅಯಸ್ಕಾಂತವೇನೂ ಸಾಮಾನ್ಯದ್ದಲ್ಲ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ತಣ್ಣಗೆ ಕೂತಿರುವ ಅದಕ್ಕೆ ರಜೆಯಿಲ್ಲ. ಕರೆಂಟು ಹೋದರೂ ಸೆಳೆತ ಹೋಗುವುದಿಲ್ಲ. 2018ರಲ್ಲಿ ಮುಂಬಯಿಯಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದವರೊಬ್ಬರು ಜೀವವನ್ನೇ ಕಳೆದುಕೊಂಡರು. ಹಾಗಾಗಿ ಬಾಗಿಲಲ್ಲಿ ನಿಂತ ಟೆಕ್ನಿಷಿಯನ್ನನ ತಪಾಸಣೆಗೆ ಸಿಡಿಮಿಡಿ ಮಾಡಬಾರದು.

ನಮ್ಮ ಸೋದರತ್ತೆ ಮಾಡಿದರು.

“ಅಮ್ಮಾ, ಮೈಮೇಲೆ ಲೋಹ ಏನಾದ್ರೂ ಇದೆಯಾ?”

“ಲೋಹ ಎಲ್ಲಿಂದ ಬರ್ಬೇಕು? ಬರೀ ಬಂಗಾರ ಕಣಪ್ಪಾ.”

ಬಂಗಾರ ಬಿಚ್ಚಿದ ಮೇಲೆ ನಿಜವಾದ ಖಜಾನೆ ಹೊರಬಂತು. ಬಳೆಗೆ ಸಿಕ್ಕಿಸಿದ್ದ ಪಿನ್ನುಗಳು, ಸೆರಗಿನದೊಂದು, ತುರುಬಿನ ಹೇರ್‌ಪಿನ್ನುಗಳು, ಸೊಂಟದಲ್ಲಿ ಬೀರುವಿನ ಬೀಗದಕೈ, ತೋಳಿನಲ್ಲಿ ತಾಮ್ರದ ತಾಯಿತ. ಮಾಂಗಲ್ಯದ ಸರದಲ್ಲೇ ಪಿನ್ನಿನ ಒಂದು ಗೊಂಚಲು! ಅದನ್ನು ಬಿಚ್ಚುವ ಮಾತಿಗೆ ಅತ್ತೆ, “ನಿಮ್ಮ ಮಾವ ಹೊರಗೆ ಕಲ್ಲುಗುಂಡಿನ ಹಾಗೆ ಕೂತಿದ್ದಾರಲ್ಲೋ” ಎಂದು ನನ್ನನ್ನೇ ದುರುಗುಟ್ಟಿದರು. ನರ್ಸಮ್ಮ ಇಂಥವರನ್ನು ದಿನಾ ಕಂಡವರು. ಡ್ರಾಯರಿನಿಂದ ಅರಿಶಿನದ ಕೊನೆ ಕಟ್ಟಿದ ದಾರ ತೆಗೆದು ಕೊರಳಿಗೆ ಹಾಕಿದರು. ಮಾವನ ಆಯುಸ್ಸಿಗೂ ಅಯಸ್ಕಾಂತಕ್ಕೂ ರಾಜಿಯಾಯಿತು. ಕಾಲುಂಗುರಕ್ಕೆ ಮಾತ್ರ ಸೋಪಿನ ನೊರೆ ಬೇಕಾಯಿತು. ಬೆಳ್ಳಿಯನ್ನು ಅಯಸ್ಕಾಂತ ಎಳೆಯದಿದ್ದರೂ ಅದು ಬಿಸಿಯಾಗಬಹುದಂತೆ.

ಪಿನ್ನಾದರೆ ಕಣ್ಣಿಗೆ ಕಾಣುತ್ತದೆ, ಮೈಯೊಳಗಿನದು ಕಾಣುವುದಿಲ್ಲ. ಫಾರಂ ಬರುತ್ತಲೇ ಎಲ್ಲಕ್ಕೂ ‘ಇಲ್ಲ’ ಎಂದು ಗೀಟೆಳೆಯುವುದು ನಮ್ಮ ಜನರ ಚಾಳಿ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಇಂಪ್ಲಾಂಟ್ ಇದ್ದರೆ ಬಾಯಿಬಿಟ್ಟು ಹೇಳಿ, ಅದರ ಕಾರ್ಡನ್ನೂ ತನ್ನಿ. ಲೇತು, ಗ್ರೈಂಡಿಂಗ್ ಕೆಲಸ ಮಾಡಿದವರ ಕಣ್ಣಿಗೆ ಯಾವತ್ತೋ ಹಾರಿದ ಕಬ್ಬಿಣದ ಚೂರೂ ಮುಖ್ಯವೇ. ಬಣ್ಣದ ಇಂಜೆಕ್ಷನ್ ಕೊಡುವುದಿದ್ದರೆ ಮೂತ್ರಪಿಂಡದ ತೊಂದರೆಯನ್ನು ಮುಚ್ಚಿಡಬೇಡಿ.

ಒಳಗಿನ ಸದ್ದಿನ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಯಂತ್ರದೊಳಗಿನ ತಂತಿಯ ಸುರುಳಿಗಳಲ್ಲಿ ಕರೆಂಟು ಪಟಪಟನೆ ಬದಲಾಗುವಾಗ ಅವು ಅದುರಿ ಟಕಟಕ, ಗರ್ರ್ ಎನ್ನುತ್ತವೆ. ಕಿವಿಗೆ ಪ್ಲಗ್ಗು, ಗಾಬರಿಯಾದರೆ ಒತ್ತಲು ಕೈಗೆ ರಬ್ಬರ್ ಬುರುಡೆ ಕೊಡುತ್ತಾರೆ. ಅಲ್ಲಾಡದೆ ಮಲಗಬೇಕು, ಸಾಮಾನ್ಯವಾಗಿ ಅರ್ಧ ಗಂಟೆ. 1977ರಲ್ಲಿ ಎಂಆರ್‌ಐನ ಆದಿಪುರುಷರಲ್ಲೊಬ್ಬನಾದ ಡಮಾಡಿಯನ್ ತನ್ನ ಯಂತ್ರಕ್ಕೆ ಮೊದಲು ತಾನೇ ಹೊಕ್ಕು ನೋಡಿದ, ಚಿತ್ರ ಬರಲಿಲ್ಲ. ಆಳು ದಪ್ಪವಾಯಿತೆಂದು ತೆಳ್ಳಗಿನ ಶಿಷ್ಯನನ್ನು ತೂರಿಸಿದರು. ಆ ಬಡಪಾಯಿ ಸುಮಾರು ಐದು ಗಂಟೆ ಕೂತ! ನಮ್ಮ ಅತ್ತೆಯೋ, ಆ ಗದ್ದಲದಲ್ಲೇ ನಿದ್ದೆ ಹೊಡೆದರು.

ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ ಎಂದಿತ್ತು, ಅಂದರೆ ಎಲ್‌ಫೋರ್, ಎಲ್‌ಫೈವ್ ಎಂಬ ಬೆನ್ನುಮೂಳೆಗಳ ಬಳಿ ಮೆತ್ತೆ ಉಬ್ಬಿದೆ ಎಂದು. ನೋವೇ ಇಲ್ಲದ ಎಷ್ಟೋ ಜನರ ಬೆನ್ನಲ್ಲೂ ಇದು ಕಾಣುತ್ತದೆ, ಹೆದರಬೇಡಿ ಎಂದರು ಡಾಕ್ಟರು. ಹೆದರುವ ಮಾತೆಲ್ಲಿ? ಮರುವಾರದ ಮದುವೆಯಲ್ಲಿ ಅತ್ತೆ ಬೀಗಿತ್ತಿಗೆ ಹೇಳುತ್ತಿದ್ದರು: “ನಿಮ್ಮದು ಎಲ್‌ಫೋರ್ ಒಂದೇನಾ? ನಂದು ಎಲ್‌ಫೈವೂ ಹೋಗಿದೆ ನೋಡಿ.”