ಪಿಎಸ್‌ಪಿಯ ಕಿಂಡಿ

ಸೆಕೆಂಡ್ ಹ್ಯಾಂಡ್ ವಸ್ತು ಕೊಂಡವರಿಗೆ ಹಳೆಯ ಯಜಮಾನನ ಚಾಳಿಗಳು ಪುಕ್ಕಟೆಯಾಗಿ ಬರುತ್ತವೆ. ಹೊಳಲ್ಕೆರೆಯಿಂದ ಚಿತ್ರದುರ್ಗದ ನಮ್ಮ ಮನೆಗೆ ಬಂದ ಪಿಎಸ್‌ಪಿ 3000 ಇದಕ್ಕೆ ಸಾಕ್ಷಿ. ಅಂಗೈಯಲ್ಲಿ ಹಿಡಿದು ಆಡುವ ಈ ಯಂತ್ರದ ವಂಶವನ್ನು ಸೋನಿ ಕಂಪನಿ 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಶುರುಮಾಡಿತು. ತಯಾರಿ ನಿಂತು ವರ್ಷಗಳಾದರೂ ಹೊಸದುರ್ಗದ ಅಕ್ಕನ ಮಗನಿಗೆ ಬೇಸಿಗೆ ರಜೆಗೆ ಅದೇ ಬೇಕು. ಮಾರಿದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಿದ್ದ. "ಎಲ್ಲಾ ಹಾಕಿದೀನಿ ಸಾರ್, ನೀವೇನೂ ಹಾಕೋ ಹಂಗಿಲ್ಲ" ಎಂದು ಕೈಗಿತ್ತು ಬಸ್ಸು ಹತ್ತಿದ.

ಹುಡುಗ ಸುಳ್ಳು ಹೇಳಿರಲಿಲ್ಲ. ಮೆಮೊರಿ ಸ್ಟಿಕ್ಕಿನಲ್ಲಿ ಐಎಸ್‌ಒ ಎಂಬ ಫೋಲ್ಡರಿನ ತುಂಬ ಕಾಸು ಕೊಡದೆ ತಂದ ಆಟಗಳು; ಎಸ್‌ಇಪ್ಲಗಿನ್ಸ್ ಎಂಬ ಇನ್ನೊಂದರಲ್ಲಿ ಯಂತ್ರವನ್ನು ಕುಣಿಸುವ ಪುಡಿ ತಂತ್ರಾಂಶಗಳು. ಜೊತೆಗೆ ಯಾರದೋ ನಾಮಕರಣದ ಫೋಟೋಗಳು. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ತೆಗೆದ ವಿಡಿಯೋ. ನೀರಿಗಿಂತ ಅದರ ಮುಂದೆ ನಿಂತ ಚಿಕ್ಕಮ್ಮನೇ ಹೆಚ್ಚು ಕಾಣುತ್ತಿದ್ದರು. ಸಿಸ್ಟಂ ಇನ್ಫರ್ಮೇಷನ್ ತೆರೆದರೆ 6.60 ಪ್ರೊ-ಸಿ ಎಂಬ ಬಿರುದು. ಸೋನಿ ಕೊಟ್ಟ ಮೂಲ ತಂತ್ರಾಂಶ 6.60 ಮಾತ್ರ, ಅದರ ಬೀಗ ಮುರಿದು ಬಾಲ ಅಂಟಿಸಿದವರು ಹವ್ಯಾಸಿಗಳು. ಅಕ್ಕನ ಮಗ ಆಟ ಶುರುಮಾಡಿದರೆ ಪರದೆ ಕಪ್ಪಗಾಗಿ ನಿಲ್ಲುತ್ತಿತ್ತು.

ಸಲಹೆಗಾರರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಸಂತೆಪೇಟೆಯ ಮೊಬೈಲ್ ರಿಪೇರಿಯವನು ಯಂತ್ರವನ್ನು ಮುಟ್ಟದೆಯೇ, "ಸಾಫ್ಟ್‌ವೇರ್ ಹೊಡೀಬೇಕು ಸಾರ್. ಡೆಡ್ ಆದ್ರೆ ನಾನು ಜವಾಬ್ದಾರಿ ಅಲ್ಲ" ಎಂದ. ಹಿರಿಯೂರಿನ ಭಾವ ವಕೀಲರು. ಫೋನಿನಲ್ಲೇ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮನ್ನು ಬಿಚ್ಚಿದರು: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ, ಮೇಲೆ ದಂಡ. "ಉದ್ದೇಶ ಇತ್ತೇನೋ ನಿಂಗೆ?" ಎಂದು ಐದನೇ ಕ್ಲಾಸಿನ ಹುಡುಗನಿಗೆ ಪಾಟೀಸವಾಲು ಹಾಕಿದರು. "ಆಡೋ ಉದ್ದೇಶ ಇತ್ತು ಮಾವ" ಎಂದ ಅವನು. ಅಕ್ಕನ ತೀರ್ಪು ಮಾತ್ರ ಮೇಲ್ಮನವಿಗೆ ಅವಕಾಶವಿಲ್ಲದ್ದು: "ಕದ್ದ ಮಾಲು ನಮ್ಮನೇಲಿ ಬ್ಯಾಡ. ತೆಗೆಸಿ ಕಳ್ಸು."

ತೆಗೆಯುವ ಮುನ್ನ ಅದು ಒಳಗೆ ಬಂದದ್ದು ಹೇಗೆಂದು ತಿಳಿಯಬೇಕು. ಏಳು ಸುತ್ತಿನ ಕೋಟೆಯ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಹೈದರಾಲಿಯ ಸೈನಿಕರು ಹೆಬ್ಬಾಗಿಲು ಬಿಟ್ಟು ಕಿಂಡಿ ಹುಡುಕಿದಂತೆ, ಪಿಎಸ್‌ಪಿಗೆ ಲಗ್ಗೆಯಿಟ್ಟವರೂ ಸಂದು ಹುಡುಕಿದರು. 2005ರಲ್ಲಿ ಟಿಫ್ ಎಂಬ ಬಗೆಯ ಒಂದು ಚಿತ್ರವನ್ನು ತೆರೆದರೆ ಸಾಕು, ಬೀಗ ಸಡಿಲವಾಗುತ್ತಿತ್ತು. ಸೋನಿ 2.01 ಅಪ್‌ಡೇಟಿನಿಂದ ಅದನ್ನು ಮುಚ್ಚಿತು. ಮರುವರ್ಷ ಒಂದು ಆಟದ ಸೇವ್ ಫೈಲಿನಲ್ಲಿ ಇನ್ನೊಂದು ಸಂದು. ನಮ್ಮ ಓಬವ್ವನಿಗೆ ಕಾಯಲು ಇದ್ದದ್ದು ಒಂದೇ ಕಿಂಡಿ. ಸೋನಿಯ ಓಬವ್ವ ವರ್ಷಗಟ್ಟಲೆ ಒನಕೆ ಹಿಡಿದು ಓಡಾಡಬೇಕಾಯಿತು. ಆ ಒನಕೆಯ ಕೊನೆಯ ಏಟು 2015ರ ಜನವರಿಯ 6.61.

ನಮಗೂ ಬೇಕಾದದ್ದು ಅದೇ ಏಟು. ಆದರೆ ಹಿಂಬದಿಯ ಮುಚ್ಚಳ ತೆಗೆದಾಗ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಲೇಬಾರದು. ಅದಿಲ್ಲದೆ ಬರೀ ವೈರಿನ ಮೇಲೆ ಅಪ್‌ಡೇಟೂ ನಡೆಯದು, ಯಂತ್ರ ಒಪ್ಪುವುದಿಲ್ಲ. ಕರೆಂಟು ನಡುವೆ ಹೋದರೂ ಕೆಲಸ ನಿಲ್ಲಬಾರದು ಎಂಬ ಮುಂದಾಲೋಚನೆ ಅದು. ಅರ್ಧಕ್ಕೆ ನಿಂತರೆ ರಿಪೇರಿಯವನ ‘ಡೆಡ್’ ನಿಜವಾಗುತ್ತದೆ. ಸೋನಿಯ ಎಂಜಿನಿಯರುಗಳು ನಮ್ಮ ಬೇಸಿಗೆಯನ್ನು ಕಂಡವರಿರಬೇಕು.

ಕೊರಿಯರಿನಲ್ಲಿ ಹೊಸ ಬ್ಯಾಟರಿ ಬಂದ ಮೇಲಿನ ಕೆಲಸ ಸರಳ. ಪವರ್ ಸ್ವಿಚ್ಚನ್ನು ಸುಮ್ಮನೆ ಜಾರಿಸಿದರೆ ಯಂತ್ರ ತೂಕಡಿಸುತ್ತದೆ, ಅಷ್ಟೇ. ಕೆಲವು ಸೆಕೆಂಡು ಮೇಲಕ್ಕೆ ಹಿಡಿದೇ ಇದ್ದರೆ ಪೂರ್ತಿ ಆರುತ್ತದೆ. ಮತ್ತೆ ಹಾಕಿದಾಗ ಪಿಎಸ್‌ಪಿ ಲಾಂಛನ ಮೂಡಿದರೆ ಆರಿದ್ದು ನಿಜ. ಹಾಗೆ ಆರಿಸಿ ಹಾಕಿದ್ದೇ ತಡ, ‘ಪ್ರೊ’ ಬಾಲ ಮಾಯ, ಬರೀ 6.60. ಈ ಬಗೆಯ ಬಾಲ ಪ್ರತಿ ಸಲ ಕೈಯಾರೆ ಎಬ್ಬಿಸಿದರೆ ಮಾತ್ರ ಏಳುತ್ತದೆ. ಬಾಲ ಹೋಗದಿದ್ದರೆ ಅದು ಕಾಯಂ ಬೇರು ಬಿಟ್ಟಿದೆ ಎಂದರ್ಥ. ಅದನ್ನು ಹಾಕಿದ ತಂತ್ರಾಂಶದಿಂದಲೇ ಮೊದಲು ತೆಗೆಸಬೇಕು.

ಆಮೇಲೆ ಸೇವ್‌ಡೇಟಾ ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟು, ಕಳ್ಳ ಆಟಗಳನ್ನೂ ಪ್ಲಗಿನ್ನುಗಳನ್ನೂ ಅಳಿಸಿದೆವು. ಪಿಎಸ್‌ಪಿ, ಗೇಮ್, ಅಪ್‌ಡೇಟ್ ಎಂಬ ಫೋಲ್ಡರುಗಳು ಒಂದರೊಳಗೊಂದು. ಒಳಗಿನದಕ್ಕೆ ಸೋನಿಯ ಅಧಿಕೃತ 6.61 ಫೈಲನ್ನು ಹೆಸರು ಬದಲಿಸದೆ ಇಟ್ಟೆವು. ಚಾರ್ಜರ್ ಚುಚ್ಚಿ, ಶುರುಮಾಡಿ, ಕೈ ಕಟ್ಟಿ ಕೂತೆವು. ಯಂತ್ರದೊಳಗೆ ಉಳಿದಿದ್ದ ಪಳೆಯುಳಿಕೆಗಳ ಮೇಲೆ ಅಸಲಿ ಕಡತಗಳು ಬಂದು ಕೂತವು. ಬೇಸರವಾಗಿ ಗುಂಡಿ ಒತ್ತಲು ಹೊರಟ ಅಳಿಯನ ಕೈ ಹಿಡಿದುಕೊಂಡದ್ದೇ ಆ ಹೊತ್ತಿನ ದೊಡ್ಡ ತಾಂತ್ರಿಕ ಕೆಲಸ.

ಈಗ ಯಂತ್ರ ಅಸಲಿ. ಆಡಲು ಅಸಲಿ ಆಟವೇ ಬೇಕು. ಇರುವುದು ಒಂದೇ ಯುಎಂಡಿ ಡಿಸ್ಕು, ಅದೂ ಫುಟ್‌ಬಾಲ್. ಹುಡುಗನಿಗೆ ಬೇಕಾದದ್ದು ಕ್ರಿಕೆಟ್. "ಕದ್ದ ಮಾಲೇ ಚೆನ್ನಾಗಿತ್ತು ಮಾವ" ಎನ್ನುತ್ತಾನೆ. ಭಾವನವರು ಇದನ್ನು ‘ಉದ್ದೇಶ’ ಎಂದು ದಾಖಲಿಸಿಕೊಂಡಿದ್ದಾರೆ.

ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು: ಮೊದಲು ಬ್ಯಾಟರಿ ನೋಡಿ, ಆಮೇಲೆ ಬೆಲೆ ಕೇಳಿ. ಮಾರುವವರಿಗೂ ಒಂದು ಮಾತು: ಮಾರುವ ಮುನ್ನ ಮೆಮೊರಿ ಸ್ಟಿಕ್ಕಿನಿಂದ ನಿಮ್ಮ ಚಿಕ್ಕಮ್ಮನನ್ನು ತೆಗೆದುಕೊಳ್ಳಿ.