ಮೊಟ್ಟೆಯ ಲೆಕ್ಕ ಹೇಳುವ ಅಣ್ಣಂದಿರಿಗೆ ಒಂದು ಬಹಿರಂಗ ಪತ್ರ

ಮೊಬೈಲಿನಲ್ಲಿ ಕೋಳಿ ಸಾಕಣೆಯ ಲಾಭ ತೋರಿಸುವ ಅಣ್ಣಂದಿರೇ,

ನಾನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯವಳು. ಒಂಬತ್ತು ವರ್ಷದಿಂದ ಕೋಳಿ ಸಾಕುತ್ತಿದ್ದೇನೆ. ಸದ್ಯಕ್ಕೆ ಗೂಡಿನಲ್ಲಿ ನೂರಾ ಹತ್ತು ಹೇಂಟೆಗಳಿವೆ, ಹಬ್ಬಕ್ಕೆಂದು ಬೆಳೆಸುತ್ತಿರುವ ಎಪ್ಪತ್ತು ಹುಂಜಗಳಿವೆ. ದೊಡ್ಡ ಶೆಡ್ಡಿನ ಯಜಮಾನಿ ನಾನಲ್ಲ. ಆದರೂ ನಿಮಗೆ ಪತ್ರ ಬರೆಯಲೇಬೇಕಾದ ಕಾರಣವೊಂದು ಹೋದ ತಿಂಗಳು ನನ್ನ ಜಗಲಿಗೇ ಬಂದು ಕೂತಿತು.

ನಮ್ಮ ಬೀದಿಯ ಹುಡುಗಿ ಅವಳು. ಗಂಡ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾನೆ. ಸಂಘದಲ್ಲಿ ಒಂದು ಲಕ್ಷ ಸಾಲ ಮಂಜೂರಾಗಿದೆ. ಫೋನು ಹಿಡಿದುಕೊಂಡು ಬಂದು ನಿಮ್ಮಲ್ಲೊಬ್ಬರ ವಿಡಿಯೋ ತೋರಿಸಿದಳು. ಐನೂರು ಮರಿ ತನ್ನಿ, ಒಂದೊಂದು ವರ್ಷಕ್ಕೆ 180 ಮೊಟ್ಟೆ ಇಡುತ್ತೆ, ಮೊಟ್ಟೆಗೆ ಹತ್ತು ರೂಪಾಯಿ, ವರ್ಷಕ್ಕೆ ಒಂಬತ್ತು ಲಕ್ಷ. ಹಿಂದೆ ಹಾಡು, ಮುಂದೆ ಹಸಿರು ತೋಟ, ಕೆಂಪು ಕೆಂಪು ಕೋಳಿಗಳು. "ಅಕ್ಕಾ, ಇದು ನಿಜಾನಾ?" ಅಂದಳು. ಏನು ಹೇಳಬೇಕೆಂದು ನನಗೆ ತಕ್ಷಣ ತೋಚಲಿಲ್ಲ. ಯಾಕೆಂದರೆ ನೀವು ಹೇಳಿದ 180 ಸುಳ್ಳಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಬೆಳೆಸಿಕೊಟ್ಟ ಸ್ವರ್ಣಧಾರಾ ತಳಿ ಚೆನ್ನಾಗಿ ನೋಡಿಕೊಂಡರೆ ಅಷ್ಟು ಇಡುತ್ತದೆ. ಅವರದೇ ಗಿರಿರಾಜ 130ರಿಂದ 150 ಇಡುತ್ತದೆ. ನಮ್ಮ ಹಿತ್ತಿಲ ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಇಟ್ಟರೆ ಹೆಚ್ಚು. ಆ ತಳಿಗಳು ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿವೆ.

ಆದರೆ ತಂದ ಮರಿಗಳೆಲ್ಲ ಹೇಂಟೆಗಳೇ ಆಗುತ್ತವೆಯೇ ಅಣ್ಣಾ? ಇಂಥ ಮರಿಗಳನ್ನು ಗಂಡು ಹೆಣ್ಣು ಬೇರೆ ಮಾಡದೆ ಒಟ್ಟಿಗೇ ಕೊಡುತ್ತಾರೆ. ಐನೂರರಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ. ಉಳಿದವುಗಳಲ್ಲಿ ಮೊದಲ ವಾರದ ಚಳಿಗೆ ಕೆಲವು ಹೋಗುತ್ತವೆ, ಮುಂಗುಸಿಗೆ, ನಾಯಿಗೆ, ಹದ್ದಿಗೆ ಕೆಲವು. ನಿಮ್ಮ ಒಂಬತ್ತು ಲಕ್ಷ ಅಲ್ಲೇ ನಾಲ್ಕಕ್ಕೆ ಇಳಿಯಿತು. ಅದೂ ಖರ್ಚು ಕಳೆಯುವ ಮೊದಲು. ಮೊದಲ ಮೊಟ್ಟೆ ಕಾಣಲು ಐದೂವರೆ ತಿಂಗಳು ಕಾಯಬೇಕು. ಅಷ್ಟರೊಳಗೆ ನನ್ನ ಒಂದೊಂದು ಹೇಂಟೆ ಹತ್ತು ಕೆಜಿಯಷ್ಟು ಮೇವು ತಿಂದಿತ್ತು. ಸಂಘದ ಕಂತು ಮಾತ್ರ ಎರಡನೇ ವಾರದಿಂದಲೇ ಶುರುವಾಗುತ್ತದೆ.

ಈಗ ಮೇವಿನ ಮೂಟೆಯ ಮಾತಿಗೆ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ 110ರಿಂದ 120 ಗ್ರಾಂ ಮೇವು ಬೇಕು. ನೂರು ಹೇಂಟೆಗೆ ದಿನಕ್ಕೆ ಹನ್ನೊಂದೂವರೆ ಕೆಜಿ. 50 ಕೆಜಿ ಮೂಟೆ ನಾಲ್ಕು ದಿನ ಬರುತ್ತದೆ, ಐದನೇ ದಿನ ಬೆಳಿಗ್ಗೆ ತಳ ಕಾಣುತ್ತದೆ. ನೀವು ಹೇಳಿದ 180ರ ಲೆಕ್ಕದಲ್ಲೇ ನೂರು ಹೇಂಟೆ ದಿನಕ್ಕೆ ಸರಾಸರಿ ಐವತ್ತು ಮೊಟ್ಟೆ ಕೊಡುತ್ತವೆ. ನಾಲ್ಕು ದಿನಕ್ಕೆ ಇನ್ನೂರು. ಅಂದರೆ ಒಂದು ಮೂಟೆಗೆ ಇನ್ನೂರು ಮೊಟ್ಟೆ, ಒಂದು ಮೊಟ್ಟೆಗೆ ಕಾಲು ಕೆಜಿ ಮೇವು. ಫೀಡಿನ ರೇಟು ಮುಸುಕಿನ ಜೋಳ, ಸೋಯಾ ಹಿಂಡಿಯ ಬೆಲೆಯ ಜೊತೆ ಏರಿ ಇಳಿಯುತ್ತಿರುತ್ತದೆ. ಹಾಗಾಗಿ ನಾನು ಆ ಹುಡುಗಿಗೆ ಯಾವ ರೂಪಾಯಿ ಲೆಕ್ಕವನ್ನೂ ಹೇಳಲಿಲ್ಲ. "ಇವತ್ತು ಅಂಗಡಿಯಲ್ಲಿ ಮೂಟೆಗೆ ಎಷ್ಟಿದೆಯೋ ಕೇಳಿಕೊಂಡು ಬಾ, ಇನ್ನೂರರಿಂದ ಭಾಗಿಸು, ಒಂದು ಮೊಟ್ಟೆಯ ಮೇವಿನ ಖರ್ಚು ಸಿಗುತ್ತೆ" ಅಂದೆ. ಮಾರನೇ ದಿನ ಚೀಟಿಯಲ್ಲಿ ಬರೆದುಕೊಂಡು ಬಂದಳು. ಅವಳ ಮುಖ ಸಪ್ಪಗಾಗಿತ್ತು. ಆ ಭಾಗಾಕಾರ ಒಂದನ್ನು ವಿಡಿಯೋದಲ್ಲಿ ಹೇಳಲು ಅರ್ಧ ನಿಮಿಷ ಸಾಕಿತ್ತು.

ಮೇವಿನ ಖರ್ಚು ಹೆಚ್ಚೆಂದು ನಿಮಗೂ ಗೊತ್ತಿದೆ. ಗೊತ್ತಿಲ್ಲದಿದ್ದರೆ ಅಜೋಲಾ ಸೊಪ್ಪು ಹಾಕಿ, ಅರ್ಧ ಖರ್ಚು ಉಳಿಸಿ ಎಂದು ಇಷ್ಟು ಜನ ಹೇಳುತ್ತಿರಲಿಲ್ಲ. ನಾನೂ ತೊಟ್ಟಿ ಕಟ್ಟಿಸಿ ಅಜೋಲಾ ಬೆಳೆದೆ. ಈಗಲೂ ಇದೆ, ಕೋಳಿಗಳು ಆಸೆಪಟ್ಟು ತಿನ್ನುತ್ತವೆ, ಮೊಟ್ಟೆಯೊಳಗಿನ ಹಳದಿಯ ಬಣ್ಣ ಚೆನ್ನಾಗಿ ಬರುತ್ತದೆ. ಆದರೆ ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಬರೀ ನೀರು. ಒಣಗಿಸಿದರೆ ಒಂದು ಕೆಜಿಗೆ ಒಂದು ಹಿಡಿ ಉಳಿಯುತ್ತದೆ. ಅದರ ಸಸಾರಜನಕ ಲೆಕ್ಕ ಹಾಕಿದರೆ ಒಂದು ಹೇಂಟೆಯ ಒಂದು ದಿನದ ಅಗತ್ಯಕ್ಕೆ ಸರಿಹೋದೀತು. ಒಂದು ಹೇಂಟೆ ದಿನಕ್ಕೆ ಒಂದು ಕೆಜಿ ಸೊಪ್ಪು ತಿನ್ನಬಲ್ಲದೇ? ನೀವು ಒಣ ಅಜೋಲಾದ ಅಂಕಿಯನ್ನು ಹೇಳಿ ಹಸಿ ಅಜೋಲಾದ ತೊಟ್ಟಿ ತೋರಿಸುತ್ತೀರಿ. ನೋಡುವವರು ನಂಬಿ ಮೂಟೆಯನ್ನು ಅರ್ಧಕ್ಕಿಳಿಸುತ್ತಾರೆ. ಕೋಳಿಗಳ ಎದೆಮೂಳೆ ಕೈಗೆ ಸಿಗುವಂತಾಗುತ್ತದೆ, ಮೊಟ್ಟೆ ನಿಲ್ಲುತ್ತದೆ. ಆಗ ತಳಿ ಸರಿಯಿಲ್ಲ ಎಂದು ತಳಿಯನ್ನು ಬೈಯುತ್ತಾರೆ.

ಮನೆಯಲ್ಲೇ ಫೀಡು ಮಾಡಿ ಎನ್ನುವ ನಿಮ್ಮ ಮಾತನ್ನು ನಂಬಿ ನಾನು ಕೆಟ್ಟಿದ್ದನ್ನೂ ಹೇಳಿಬಿಡುತ್ತೇನೆ. ಅದು ನನ್ನ ಎರಡನೇ ಬ್ಯಾಚು, ಇನ್ನೂರು ಮರಿ. ನಮ್ಮದು ಕಡಲೆಕಾಯಿ ಸೀಮೆ, ಹಿಂಡಿ ಸುಲಭವಾಗಿ ಸಿಗುತ್ತದೆ. ರಾಗಿ, ಜೋಳದ ನುಚ್ಚು, ತೌಡು, ಅದಕ್ಕೆ ಕಡಲೆಕಾಯಿ ಹಿಂಡಿ ಬೆರೆಸಿದರೆ ಆಯಿತು ಎಂದು ಕೇಳಿದ್ದೆ. ಮಳೆಗಾಲದಲ್ಲಿ ಮೂಲೆಗಿಟ್ಟಿದ್ದ ಹಿಂಡಿ ಅಗ್ಗವಾಗಿ ಸಿಕ್ಕಿತು. ಸ್ವಲ್ಪ ಮುಗ್ಗಲು ವಾಸನೆಯಿತ್ತು. ಬಿಸಿಲಿಗೆ ಹಾಕಿದೆ, ಹುರಿದೆ, ವಾಸನೆ ಹೋಯಿತು. ಮೂರನೇ ವಾರಕ್ಕೆ ಮರಿಗಳು ರೆಕ್ಕೆ ಇಳಿಬಿಟ್ಟುಕೊಂಡು ನಿಂತವು. ದಿನಕ್ಕೆ ಐದು, ಆರು, ಒಂದು ದಿನ ಹನ್ನೊಂದು. ಒಟ್ಟು ಅರವತ್ತಮೂರು ಹೋದವು. ಸತ್ತ ಮರಿಯೊಂದನ್ನು ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಕೊಯ್ದು ತೋರಿಸಿದರು. ಲಿವರು ಊದಿಕೊಂಡು ಹಳದಿಗೆ ತಿರುಗಿತ್ತು. ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವಂತಿತ್ತು. ಬೂಷ್ಟು ಹಿಡಿದ ಕಾಳಿನಲ್ಲಿ, ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ, ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ ಎಂದರು. ಲೋಕಕ್ಕೆ ಈ ವಿಷದ ಗುರುತು ಸಿಕ್ಕಿದ್ದೇ ಕಡಲೆಕಾಯಿ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರಿಗೆ ಕೊನೆಗೆ ಸಿಕ್ಕಿದ್ದು ಬೂಷ್ಟು ಹಿಡಿದ ಹಿಂಡಿ. ಆ ಟರ್ಕಿ ಸಾಕಿದವರಿಗೆ ಆಗ ಗೊತ್ತಿರಲಿಲ್ಲ. ಇಷ್ಟು ವರ್ಷಗಳ ಮೇಲೆ ನನಗೆ ಯಾಕೆ ಗೊತ್ತಿರಲಿಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ. ನಾನು ಹತ್ತಾರು ವಿಡಿಯೋ ನೋಡಿದ್ದೆ. ಒಂದರಲ್ಲೂ ಬೂಷ್ಟಿನ ಸುದ್ದಿ ಇರಲಿಲ್ಲ.

ಮನೆಯಲ್ಲಿ ಫೀಡು ಮಾಡಬಾರದು ಎನ್ನುತ್ತಿಲ್ಲ. ಈಗ ನಾನೇ ಅರ್ಧ ಮಾಡಿಕೊಳ್ಳುತ್ತೇನೆ. ಆದರೆ ಜೋಳ ಹಲ್ಲಿನಲ್ಲಿ ಕಟ್ ಎನ್ನುವಷ್ಟು ಒಣಗಿರಬೇಕು. ಹಸಿ ಸೋಯಾ ಕಾಳನ್ನು ಹಾಗೇ ಬೀಸಿ ಹಾಕಿದರೆ ಮರಿಗೆ ಅರಗುವುದಿಲ್ಲ, ಹುರಿದೇ ಹಾಕಬೇಕು, ಇಲ್ಲವೇ ಎಣ್ಣೆ ತೆಗೆದ ಹಿಂಡಿ ತರಬೇಕು. ಮೊಟ್ಟೆ ಕೋಳಿಯ ಮೇವಿನಲ್ಲಿ ಚಿಪ್ಪಿಗೆಂದು ಸುಣ್ಣದಂಶ ಹೆಚ್ಚು ಹಾಕಿರುತ್ತಾರೆ. ಅದೇ ಮೂಟೆಯಿಂದ ಬೆಳೆಯುವ ಮರಿಗೂ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಎರಡು ಮೂಟೆಯ ಬದಲು ಒಂದರಲ್ಲೇ ಮುಗಿಸೋಣ ಎಂದು ಎಷ್ಟೋ ಮನೆಗಳಲ್ಲಿ ಮಾಡುವ ತಪ್ಪು ಇದು. ನಮ್ಮಜ್ಜಿ ಸಗಣಿ, ಹುಲ್ಲು ತುಂಬಿದ ಮಡಕೆಯನ್ನು ಹುತ್ತದ ಪಕ್ಕ ಬೋರಲು ಹಾಕಿ ಬೆಳಿಗ್ಗೆ ಗೆದ್ದಲು ತಂದು ಮರಿಗಳಿಗೆ ಸುರಿಯುತ್ತಿದ್ದಳು. ಹತ್ತು ಹದಿನೈದು ಮರಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ಐನೂರು ಮರಿಗೆ ಎಷ್ಟು ಹುತ್ತ ತರುವುದು?

ಲಸಿಕೆಯ ವಿಷಯದಲ್ಲಿ ನನ್ನ ಸಿಟ್ಟು ಜಾಸ್ತಿ. ಬೆಳ್ಳುಳ್ಳಿ, ಅರಿಶಿನ ಕೊಟ್ಟರೆ ಕೊಕ್ಕರೆ ರೋಗ ಬರುವುದಿಲ್ಲ ಎಂದು ದಯವಿಟ್ಟು ಹೇಳಬೇಡಿ. ಅದು ಬಂದರೆ ಎರಡು ಮೂರು ದಿನದಲ್ಲಿ ಊರಿನ ಗೂಡುಗಳೆಲ್ಲ ಖಾಲಿಯಾಗುತ್ತವೆ. ನಮ್ಮೂರಲ್ಲಿ ಕಣ್ಣಾರೆ ನೋಡಿದ್ದೇನೆ. ಮೊದಲ ವಾರದಲ್ಲೇ ಕಣ್ಣಿಗೆ ಒಂದು ಹನಿ ಲಸೋಟಾ ಲಸಿಕೆ, ಆಮೇಲೆ ಹೇಳಿದ ದಿನಕ್ಕೆ ಉಳಿದವು, ಇಷ್ಟೇ. ಸೀಸೆ ಒಡೆದು ಕಲೆಸಿದ ಮೇಲೆ ಬೇಗ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯಲ್ಲಿರಬೇಕು. ಒಂದು ಸೀಸೆ ನೂರಾರು ಮರಿಗೆ ಆಗುವುದರಿಂದ ನಾವು ನಾಲ್ಕು ಮನೆಯವರು ಒಂದೇ ದಿನ ಹಾಕಿಸುತ್ತೇವೆ.

ಮಾರಾಟದ ಬಗ್ಗೆ ನೀವು ಹೇಳುವುದು "ಡಿಮ್ಯಾಂಡ್ ಇದೆ" ಎಂಬ ಒಂದೇ ಮಾತು. ಯಾವಾಗ ಇದೆ ಎಂದೂ ಹೇಳಿ. ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ, ಮಾರಮ್ಮನ ಜಾತ್ರೆಗೆ, ಮಹಾಲಯ ಅಮಾವಾಸ್ಯೆಗೆ ಹುಂಜ ಕೇಳಿದ ರೇಟಿಗೆ ಹೋಗುತ್ತದೆ. ಶ್ರಾವಣದಲ್ಲಿ ಅದೇ ಹುಂಜವನ್ನು ಸಂತೆಗೊಯ್ದು ವಾಪಸ್ಸು ಹೊತ್ತು ತಂದಿದ್ದೇನೆ. ಮಾರದ ಹುಂಜ ಮಾರನೇ ದಿನವೂ ತಿನ್ನುತ್ತದೆ. ಹೊಸತೊಡಕಿಗೆ ತೂಕ ಬರಬೇಕಾದರೆ ಮರಿಗಳನ್ನು ಧನುರ್ಮಾಸದ ಹೊತ್ತಿಗೆ ತರಬೇಕು. ಆಗಿನ ಚಳಿಯಲ್ಲಿ ಮರಿಗೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಇರಬೇಕು. ರಾತ್ರಿ ಕರೆಂಟು ಹೋದರೆ ಬಲ್ಬು ಆರುತ್ತದೆ. ಇದ್ದಿಲ ಒಲೆ ಹಚ್ಚಿಕೊಂಡು ಬೆಳಗಿನವರೆಗೆ ನಾನು ಕೂತ ರಾತ್ರಿಗಳಿವೆ. ಲಾಭ ಬಂದ ವರ್ಷಗಳೆಲ್ಲ ಅಂಥ ರಾತ್ರಿಗಳನ್ನು ಕಳೆದ ವರ್ಷಗಳೇ.

ಮರಿ ನಮ್ಮದೇ, ಮೊಟ್ಟೆ ವಾಪಸ್ಸು ಕೊಳ್ಳುವವರೂ ನಾವೇ ಎನ್ನುವವರ ಜಾಹೀರಾತನ್ನೂ ನಿಮ್ಮಲ್ಲಿ ಕೆಲವರು ಹಾಕುತ್ತೀರಿ. 2012ರಲ್ಲಿ ತಮಿಳುನಾಡಿನಲ್ಲಿ ಈಮು ಹೆಸರಿನಲ್ಲಿ, 2019ರಲ್ಲಿ ಮಹಾರಾಷ್ಟ್ರದಲ್ಲಿ ಕಡಕ್‌ನಾಥ್ ಹೆಸರಿನಲ್ಲಿ ಇದೇ ಮಾತು ನಂಬಿದವರು ಎಷ್ಟು ಕಳೆದುಕೊಂಡರು ಎಂಬುದನ್ನು ಹುಡುಕಿ ಓದಿ, ಆಮೇಲೆ ಹಾಕಿ.

ಇಷ್ಟೆಲ್ಲ ಬರೆದದ್ದು ಕೋಳಿ ಸಾಕಬೇಡಿ ಎಂದು ಹೇಳಲಿಕ್ಕಲ್ಲ. ನನ್ನ ಮಗಳ ಪಿಯುಸಿ ಫೀಜು ಕಟ್ಟಿದ್ದು ಮೊಟ್ಟೆಯ ದುಡ್ಡಿನಲ್ಲಿ. ಯಾರ ಮುಂದೆಯೂ ಕೈಯೊಡ್ಡದೆ ನನ್ನ ಸೆರಗಿನಲ್ಲೇ ಗಂಟು ಕಟ್ಟಿಕೊಂಡ ದುಡ್ಡು ಅದು. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಒಣಗಿದರೂ ಗೂಡಿನಲ್ಲಿ ಬೆಳಿಗ್ಗೆ ನಲವತ್ತು ಮೊಟ್ಟೆ ಸಿಗುತ್ತಿತ್ತು. ಈ ಕಸುಬು ನನಗೆ ಅಷ್ಟು ದೊಡ್ಡದು. ಅದನ್ನು ಅರ್ಧ ಹೇಳಿ, ನಮ್ಮಂಥ ಹೆಣ್ಣುಮಕ್ಕಳು ಮೊದಲ ವರ್ಷವೇ ಸಾಲದಲ್ಲಿ ಸಿಕ್ಕಿ ಗೂಡು ಮುಚ್ಚುವಂತೆ ಮಾಡಬೇಡಿ.

ಆ ಹುಡುಗಿ ಸಾಲದಲ್ಲಿ ಇಪ್ಪತ್ತೈದು ಸಾವಿರ ಮಾತ್ರ ಎತ್ತಿದ್ದಾಳೆ. ಐವತ್ತು ಮರಿಗೆ ಹೇಳಿದ್ದೇವೆ, ಮುಂದಿನ ತಿಂಗಳು ಬರುತ್ತವೆ. ಒಂದು ನೋಟುಬುಕ್ಕು ತಂದಿಟ್ಟುಕೊಂಡಿದ್ದಾಳೆ. ಎಡಗಡೆ ಮೂಟೆ, ಬಲಗಡೆ ಮೊಟ್ಟೆ. ನಿಮ್ಮಲ್ಲಿ ಯಾರಾದರೂ ಬರುವುದಾದರೆ ಮರಿ ಬಂದ ದಿನ ಬೇಡ, ಆರನೇ ತಿಂಗಳಿಗೆ ಬನ್ನಿ. ಆ ಪುಸ್ತಕದ ಎರಡೂ ಬದಿಯನ್ನು ನಿಮ್ಮ ವಿಡಿಯೋದಲ್ಲಿ ತೋರಿಸಲು ಅವಳು ಒಪ್ಪಿದ್ದಾಳೆ. ಬೆಳಿಗ್ಗೆ ಆರೂವರೆಗೆ ಮೇವು ಹಾಕುತ್ತೇವೆ, ಅದಕ್ಕೆ ಮುಂಚೆ ಬಂದರೆ ಒಳ್ಳೆಯದು.

ಇಂತಿ,
ನಿಮ್ಮ ವಿಡಿಯೋ ನೋಡಿಯೇ ಕೋಳಿ ಸಾಕಲು ಶುರು ಮಾಡಿದ ಒಬ್ಬ ತಂಗಿ